ಯಯಾತಿಯ ಮಗಳು

ಸಾಹಿತ್ಯಕ್ಕೆ ಮೀಸಲಾದ ಪುಟದಲ್ಲಿ ಜೀವಕೋಶದ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಮುಪ್ಪು ಕವಿಗಳ ಹಳೆಯ ವಸ್ತು. ಅದನ್ನು ಈಚೆಗೆ ಪ್ರಯೋಗಶಾಲೆಯವರೂ ಎತ್ತಿಕೊಂಡಿದ್ದಾರೆ, ಅಷ್ಟೆ. ಅವರು ಕಂಡುಕೊಂಡ ಸಂಗತಿಗಳು ಪತ್ರಿಕೆಗಳ ಮೂಲಕ, ವೈದ್ಯರ ಬಾಯಿಂದ, ಬಂಧುಬಳಗದ ಪಿಸುಮಾತಿನಿಂದ ಮನೆಮನೆಗೂ ಬಂದು ಸೇರುತ್ತಿವೆ. ಹಾಗೆ ಬರುವಾಗ ಅವು ಯಾವ ಕಥೆಯ ಅಚ್ಚಿಗೆ ಬಿದ್ದು ಯಾವ ಆಕಾರ ತಾಳುತ್ತವೆ ಎಂದು ನೋಡುವುದು ವಿಮರ್ಶೆಯ ಕೆಲಸವೇ ಸರಿ. ನಮ್ಮಲ್ಲಿ ಮುಪ್ಪಿಗೆ ಒಂದು ಅಚ್ಚು ಬಹುಕಾಲದಿಂದ ಸಿದ್ಧವಾಗಿದೆ. ಅದು ಯಯಾತಿಯ ಕಥೆ.

ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುದುಕನಾದ ಅರಸ, ಮಗ ಪೂರುವಿನ ಯೌವನವನ್ನು ಕಡ ಪಡೆದು ಸಾವಿರ ವರ್ಷ ಸುಖಪಟ್ಟ ಕಥೆ ಎಲ್ಲರಿಗೂ ಗೊತ್ತು. ಅವನಿಗೊಬ್ಬಳು ಮಗಳಿದ್ದಳೆಂಬುದು ಎಲ್ಲರಿಗೂ ಗೊತ್ತಿಲ್ಲ. ಆಕೆ ಮಾಧವಿ, ಮಹಾಭಾರತದ ಉದ್ಯೋಗಪರ್ವದಲ್ಲಿ ಬರುತ್ತಾಳೆ. ಗಾಲವನೆಂಬ ಶಿಷ್ಯ ಗುರು ವಿಶ್ವಾಮಿತ್ರನಿಗೆ ಒಂದು ಕಿವಿ ಮಾತ್ರ ಕಪ್ಪಗಿರುವ 800 ಬಿಳಿಯ ಕುದುರೆಗಳನ್ನು ದಕ್ಷಿಣೆ ಕೊಡಬೇಕಾಗಿತ್ತು. ಯಾಚನೆಗೆ ಬಂದ ಅವನಿಗೆ ಕುದುರೆ ಕೊಡಲಾರದ ಯಯಾತಿ ಮಗಳನ್ನು ಕೊಟ್ಟ. ಅಯೋಧ್ಯೆಯ ಹರ್ಯಶ್ವ, ಕಾಶಿಯ ದಿವೋದಾಸ, ಭೋಜರ ಉಶೀನರ, ಈ ಮೂವರು ಅರಸರು ತಲಾ 200 ಕುದುರೆ ತೆತ್ತು ಆಕೆಯಿಂದ ಒಬ್ಬೊಬ್ಬ ಮಗನನ್ನು ಪಡೆದರು; ಉಳಿದ 200ರ ಬದಲಿಗೆ ಗುರುವೇ ಆಕೆಯನ್ನು ಇಟ್ಟುಕೊಂಡು ನಾಲ್ಕನೆಯ ಮಗನನ್ನು ಪಡೆದ. ಇಷ್ಟೆಲ್ಲ ನಡೆಯಲು ಸಾಧ್ಯವಾದದ್ದು ಒಂದು ವರದಿಂದ: ಪ್ರತಿ ಹೆರಿಗೆಯ ನಂತರವೂ ಮಾಧವಿ ಮತ್ತೆ ಕನ್ಯೆಯಾಗುತ್ತಿದ್ದಳು.

ಅಪ್ಪನಿಗೂ ಮಗಳಿಗೂ ಯೌವನ ಮರಳಿ ಬಂತು. ಅವನಿಗೆ ಬಂದದ್ದು ಅವನ ಭೋಗಕ್ಕೆ. ಇವಳಿಗೆ ಬಂದದ್ದು ಮುಂದಿನ ಗಿರಾಕಿಗೆ. ನಮ್ಮ ಸಾಹಿತ್ಯ ಗಂಡಿನ ಮುಪ್ಪನ್ನು ಅವನ ದುಃಖವೆಂದು ಹಾಡಿದೆ, ಹೆಣ್ಣಿನ ಮುಪ್ಪನ್ನು ಮನೆತನದ ನಷ್ಟವೆಂದು ಲೆಕ್ಕ ಬರೆದಿದೆ. ಟೆಲೊಮಿಯರ್ ಎಂಬ ಹೊಸ ಮಾತೂ ಈ ಹಳೆಯ ಲೆಕ್ಕದ ಪುಸ್ತಕದಲ್ಲೇ ದಾಖಲಾಗುವ ಅಪಾಯವಿದೆಯೆಂಬುದು ನಮ್ಮ ಕಳವಳ.

ಮೊದಲು ಸಂಗತಿ ಏನೆಂದು ತಿಳಿಯೋಣ. ನಮ್ಮ ಜೀವಕೋಶಗಳಲ್ಲಿ 23 ಜೊತೆ ವರ್ಣತಂತುಗಳಿವೆ. ಪ್ರತಿ ತಂತುವಿನ ಎರಡು ತುದಿಗಳಲ್ಲೂ ಆರು ಅಕ್ಷರಗಳ ಒಂದೇ ಪದ ಸಾವಿರಕ್ಕೂ ಮಿಕ್ಕಿ ಪುನರುಕ್ತವಾಗಿರುತ್ತದೆ. ಅದಕ್ಕೆ ಅರ್ಥವಿಲ್ಲ; ಜನಪದ ಹಾಡಿನ ‘ತಂದಾನತಾನ’ದ ಹಾಗೆ. ಕೋಶ ಒಡೆದು ಎರಡಾಗುವ ಮುನ್ನ ತಂತುವಿನ ನಕಲಾಗಬೇಕು. ನಕಲು ತೆಗೆಯುವ ವ್ಯವಸ್ಥೆಗೆ ಕಟ್ಟಕಡೆಯ ಚೂರನ್ನು ಬರೆಯಲು ಬರುವುದಿಲ್ಲ. ಹಾಗಾಗಿ ಒಂದೊಂದು ನಕಲಿನಲ್ಲೂ ತುದಿ ಕೊಂಚ ಸವೆಯುತ್ತದೆ. ಸವೆಯುವುದು ಅರ್ಥವಿಲ್ಲದ ಪಲ್ಲವಿಯಾದ್ದರಿಂದ ಹಾಡು ಉಳಿಯುತ್ತದೆ. ಪಲ್ಲವಿಯೂ ತೀರಿದಾಗ ಕೋಶ ಒಡೆಯುವುದನ್ನು ನಿಲ್ಲಿಸುತ್ತದೆ. ಮನುಷ್ಯನ ಸಾಧಾರಣ ಕೋಶ ಪ್ರಯೋಗಶಾಲೆಯ ಗಾಜಿನಲ್ಲಿ ಸುಮಾರು 50 ಸಲ ಒಡೆದು ನಿಂತುಬಿಡುತ್ತದೆಂದು 1961ರಲ್ಲಿ ಲೆನಾರ್ಡ್ ಹೇಫ್ಲಿಕ್ ತೋರಿಸಿದ್ದರು. ಸವೆದ ತುದಿಯನ್ನು ಮತ್ತೆ ಬೆಳೆಸುವ ಟೆಲೊಮರೇಸ್ ಎಂಬ ಕಿಣ್ವವನ್ನು 1984ರಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಅವರ ಶಿಷ್ಯೆ ಕ್ಯಾರಲ್ ಗ್ರೈಡರ್ ಕಂಡರು. 2009ರ ನೊಬೆಲ್ ಬಹುಮಾನ ಈ ಇಬ್ಬರಿಗೂ ಜ್ಯಾಕ್ ಶೊಸ್ಟಾಕ್ ಎಂಬವರಿಗೂ ಸಂದಿತು.

ಇಂಗ್ಲಿಷಿನಲ್ಲಿ ಈ ತುದಿಯನ್ನು ಬೂಟಿನ ಲೇಸಿನ ತುದಿಗೆ ಸುತ್ತಿದ ಪ್ಲಾಸ್ಟಿಕ್ಕಿಗೆ ಹೋಲಿಸುವುದು ವಾಡಿಕೆ. ಕನ್ನಡದಲ್ಲಿ ಬರೆಯುವವರೂ ಅದನ್ನೇ ಎತ್ತಿ ತಂದಿಡುತ್ತಾರೆ. ಸೀರೆಯ ಸೆರಗಿನ ನೂಲು ಬಿಚ್ಚಿಹೋಗದಂತೆ ಹಾಕುವ ಕುಚ್ಚು ಕಣ್ಣೆದುರಿಗೇ ಇರುವಾಗ ಬೂಟು ಹುಡುಕಿಕೊಂಡು ಹೋಗುವ ಈ ಶ್ರಮ ನಮಗೆ ಅರ್ಥವಾಗುವುದಿಲ್ಲ. 1918ರಲ್ಲೇ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದವರಲ್ಲಿ ಪ್ರಮುಖರಾದ, ಮುಂದೆ ‘ಜೀವವಿಜ್ಞಾನ’ವನ್ನು ಬರೆದ ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಅಧ್ಯಾಪಕರಾಗಿದ್ದೂ ಪ್ರಾಣಿಗಿಡಗಳ ವಿಷಯವನ್ನು ಕನ್ನಡದಲ್ಲಿ ಹೇಳಹೊರಟರು. ಆ ಹಂಬಲದ ಹಿಂದಿದ್ದ ಓದುಗ, ಇಂಗ್ಲಿಷ್ ಅರಿಯದ ಕನ್ನಡಿಗ. ಇಂದಿನ ಬರೆವಣಿಗೆಯ ಹಿಂದೆ ಅಂಥ ಓದುಗ ಇದ್ದಾನೆಯೆ, ಅದಕ್ಕಿಂತ ಮುಖ್ಯವಾಗಿ ಓದುಗಿತ್ತಿ ಇದ್ದಾಳೆಯೆ ಎಂಬ ಅನುಮಾನ ಬರುತ್ತದೆ.

ಹೆಣ್ಣಿನ ವಿಷಯಕ್ಕೆ ಬಂದಾಗ ಸಂಗತಿ ಸ್ವಲ್ಪ ಜಟಿಲವಾಗುತ್ತದೆ, ಬೆರಗಿನದೂ ಆಗುತ್ತದೆ. ಹುಡುಗಿಯೊಬ್ಬಳ ಅಂಡಗಳೆಲ್ಲ ಆಕೆ ತಾಯಿಯ ಹೊಟ್ಟೆಯಲ್ಲಿರುವಾಗಲೇ ರೂಪುಗೊಳ್ಳುತ್ತವೆ. ಐದನೆಯ ತಿಂಗಳ ಹೊತ್ತಿಗೆ ಸುಮಾರು 60-70 ಲಕ್ಷವಿದ್ದದ್ದು ಹುಟ್ಟುವಾಗ 10-20 ಲಕ್ಷಕ್ಕೆ ಇಳಿಯುತ್ತದೆ. ಮೈನೆರೆಯುವಾಗ 3-4 ಲಕ್ಷ. ಅವುಗಳಲ್ಲಿ ಪಕ್ವವಾಗಿ ಹೊರಬೀಳುವುದು ನಾನೂರೋ ಐನೂರೋ. ಅಂದರೆ ನಮ್ಮಲ್ಲಿ ಪ್ರತಿಯೊಬ್ಬರೂ ಒಂದು ಲೆಕ್ಕದಲ್ಲಿ ಮೊದಲು ಇದ್ದದ್ದು ತಾಯಿಯ ತಾಯಿಯ ಗರ್ಭದಲ್ಲಿ. ಅಲ್ಲಿ ಆದ ಅಂಡ ಅರ್ಧ ಕೆಲಸ ಮುಗಿಸಿ, ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಕದಲದೆ ಕಾದಿರುತ್ತದೆ. ಕಾಯುವ ಅಂಡ ಒಡೆಯುವುದಿಲ್ಲವಾದ್ದರಿಂದ ತುದಿ ಸವೆಯಬಾರದಲ್ಲ ಎನ್ನಬಹುದು. ಅಮೆರಿಕದ ವೈದ್ಯ ಡೇವಿಡ್ ಕೀಫ್ ಇದಕ್ಕೆ ಉತ್ತರವಾಗಿ ಒಂದು ವಾದ ಹೂಡಿದ್ದಾರೆ. ಭ್ರೂಣದಲ್ಲಿ ಕೊನೆಗೆ ತಯಾರಾದ, ಹೆಚ್ಚು ಸಲ ಒಡೆದು ಬಂದ ಅಂಡಗಳು ಕೊನೆಗೆ ಹೊರಬರುತ್ತವೆ. ಅವುಗಳ ತುದಿ ಆರಂಭದಲ್ಲೇ ಮೋಟು. ಅದರ ಮೇಲೆ ದಶಕಗಳ ಕಾಯುವಿಕೆಯಲ್ಲಿ ಆಮ್ಲಜನಕದ ಚಟುವಟಿಕೆಯಿಂದ ಆಗುವ ಹಾನಿ. ಅಂಡದಲ್ಲಿ ಟೆಲೊಮರೇಸ್ ಬಲವೂ ಕಡಮೆ. ಮೂವತ್ತೈದರ ಅನಂತರ ಗರ್ಭ ನಿಲ್ಲುವುದು ಕಷ್ಟವಾಗಲು, ನಿಂತದ್ದು ಜಾರಲು ಇದೊಂದು ಕಾರಣವೆನ್ನುತ್ತದೆ ಈ ವಾದ.

ವಾದವೆಂದು ಬೇಕೆಂದೇ ಬರೆದಿದ್ದೇವೆ. ಇದಿನ್ನೂ ಸಿದ್ಧಾಂತದ ಪಟ್ಟಕ್ಕೇರಿಲ್ಲ. ವರ್ಣತಂತುಗಳನ್ನು ಜೊತೆಯಾಗಿ ಹಿಡಿದಿಡುವ ಅಂಟು ವರ್ಷ ಕಳೆದಂತೆ ಸಡಿಲವಾಗುತ್ತದೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯವಿದೆ. 2021ರಲ್ಲಿ ಯುರೋಪು ಮೂಲದ ಸುಮಾರು 2 ಲಕ್ಷ ಹೆಂಗಸರ ಆನುವಂಶಿಕತೆಯನ್ನು ಪರಿಶೀಲಿಸಿದಾಗ ಮುಟ್ಟು ನಿಲ್ಲುವ ವಯಸ್ಸಿಗೆ ಸಂಬಂಧಿಸಿದ 290 ತಾಣಗಳು ಸಿಕ್ಕವು. ಅವುಗಳಲ್ಲಿ ಬಹಳಷ್ಟು, ಹಾನಿಗೊಂಡ ತಂತುವನ್ನು ದುರಸ್ತಿ ಮಾಡುವ ಕೆಲಸದವು. ಟೆಲೊಮಿಯರ್ ಈ ದೊಡ್ಡ ಕಥೆಯ ಒಂದು ಪಾತ್ರ, ನಾಯಕನಲ್ಲ. ರಕ್ತದ ಬಿಳಿ ಕಣಗಳಲ್ಲಿ ಅಳೆದ ತುದಿಯ ಉದ್ದಕ್ಕೂ ಮುಟ್ಟು ನಿಲ್ಲುವ ವಯಸ್ಸಿಗೂ ನಂಟು ಒಂದು ಅಧ್ಯಯನದಲ್ಲಿ ಕಂಡರೆ ಇನ್ನೊಂದರಲ್ಲಿ ಮಸುಕಾಗುತ್ತದೆ. ಒಂದು ತೊಟ್ಟು ರಕ್ತ ಕೊಡಿ, ನಿಮ್ಮ ನಿಜವಾದ ವಯಸ್ಸು ಹೇಳುತ್ತೇವೆ ಎನ್ನುವವರಿಗೆ ದುಡ್ಡು ಕೊಡುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಗಂಡಿನ ವಿಷಯ ಇದಕ್ಕೆ ವಿರುದ್ಧ. ಅವನಲ್ಲಿ ಬೀಜ ದಿನವೂ ಹೊಸದಾಗಿ ತಯಾರಾಗುತ್ತದೆ, ಅಲ್ಲಿ ಟೆಲೊಮರೇಸ್ ಚುರುಕು. ತಂದೆಯ ವಯಸ್ಸು ಹೆಚ್ಚಿದಷ್ಟೂ ಹುಟ್ಟುವ ಮಗುವಿನ ತುದಿಗಳು ಸರಾಸರಿಯಲ್ಲಿ ಹೆಚ್ಚು ಉದ್ದ! ಯಯಾತಿ ಮಗನಿಂದ ಯೌವನ ಕಿತ್ತುಕೊಂಡ. ಪ್ರಕೃತಿಯಲ್ಲಿ ಮುದಿ ತಂದೆಯೇ ಮಗನಿಗೆ ತುದಿಯನ್ನು ಉಂಬಳಿ ಕೊಡುತ್ತಾನೆ. ಉಂಬಳಿಯ ಜೊತೆಗೆ ನಕಲಿನ ತಪ್ಪುಗಳನ್ನೂ ಕೊಡುತ್ತಾನೆ: ತಂದೆಗೆ ವಯಸ್ಸಾದಷ್ಟೂ ಮಗುವಿನಲ್ಲಿ ಹೊಸ ವ್ಯತ್ಯಯಗಳು ಹೆಚ್ಚು. ಈ ಎರಡನೆಯ ಮಾತು ಹೆಂಗಸಿನ ವಯಸ್ಸಿನ ಮಾತಿನಷ್ಟು ಗಟ್ಟಿಯಾಗಿ ನಮ್ಮ ಮನೆಗಳಲ್ಲಿ ಕೇಳಿಬರುವುದಿಲ್ಲ.

ಗಿರೀಶ ಕಾರ್ನಾಡರು ‘ಯಯಾತಿ’ಯನ್ನು 1961ರಲ್ಲಿ ಪ್ರಕಟಿಸಿದಾಗ ತೀರ ತರುಣರು. ಆ ನಾಟಕ ಮಗನ ತ್ಯಾಗದ ಕಥೆಯೆಂದು, ಹಿರಿಯರ ಹಸಿವಿಗೆ ಕಿರಿಯರು ಬಲಿಯಾಗುವ ಕಥೆಯೆಂದು ಹೊಗಳಿಸಿಕೊಂಡಿದೆ. ನಮಗೆ ಅದರ ಜೀವ ಇರುವುದು ಪೂರುವಿನ ಹೆಂಡತಿ ಚಿತ್ರಲೇಖೆಯಲ್ಲಿ. ಮೂಲದಲ್ಲಿಲ್ಲದ ಈ ಪಾತ್ರವನ್ನು ತಂದದ್ದರಿಂದಲೇ ಕಾರ್ನಾಡರು ಕಥೆಯನ್ನು ತಮ್ಮದಾಗಿಸಿಕೊಂಡರು. ಗಂಡ ಒಂದೇ ರಾತ್ರಿಯಲ್ಲಿ ಮುದುಕನಾದುದನ್ನು ಕಂಡ ಈಕೆ ಮಾವನನ್ನು ಎದುರಿಸುತ್ತಾಳೆ: ಮಗನ ಯೌವನವನ್ನು ಪಡೆದ ಮೇಲೆ ಆ ಯೌವನದ ಹೊಣೆಯನ್ನೂ ಹೊರಬೇಕಲ್ಲವೆ? ಅರಸನಲ್ಲಿ ಉತ್ತರವಿಲ್ಲ, ಆಕೆ ವಿಷ ಕುಡಿಯುತ್ತಾಳೆ. ಗಂಡಸರಿಬ್ಬರ ನಡುವೆ ನಡೆದ ವಯಸ್ಸಿನ ವ್ಯಾಪಾರದಲ್ಲಿ ನಷ್ಟವಾದದ್ದು ಆಕೆಯ ಕಾಲವೆಂದು ನಾಟಕಕಾರರು ಗುರುತಿಸಿದರು, ಇದು ದೊಡ್ಡದು. ಆದರೆ ಆಕೆಯನ್ನು ಸಾಯಿಸಿದ್ದರಿಂದ ನಾಟಕ ಒಂದು ಕಷ್ಟದಿಂದ ತಪ್ಪಿಸಿಕೊಂಡಿತೆಂದೂ ಹೇಳಬೇಕು. ಚಿತ್ರಲೇಖೆ ಬದುಕಿದ್ದು, ಮುದುಕ ಗಂಡನ ಪಕ್ಕದಲ್ಲಿ ತಾನೂ ನಿಧಾನವಾಗಿ ಮುದುಕಿಯಾಗಿದ್ದರೆ?

ಮಾಧವಿಯನ್ನು ಉದ್ಯೋಗಪರ್ವದ ಕುದುರೆಗಳ ಲೆಕ್ಕದಿಂದ ಬಿಡಿಸಿ ಕಾದಂಬರಿಯ ನಡುಮನೆಗೆ ಕರೆತಂದವರು ಡಾ. ಅನುಪಮಾ ನಿರಂಜನ. ‘ಮಾಧವಿ’ ಪ್ರಕಟವಾದದ್ದು 1976ರಲ್ಲಿ. ಅವರು ಬರಿಯ ಲೇಖಕಿಯಲ್ಲ, ವೈದ್ಯೆ. ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’ ಮುಂತಾದ ಪುಸ್ತಕಗಳಿಂದ ಕನ್ನಡದ ಎಷ್ಟೋ ಮನೆಗಳಲ್ಲಿ ತಾಯಂದಿರು ಹೇಳಲು ಸಂಕೋಚಪಟ್ಟದ್ದನ್ನು ತಾವು ಹೇಳಿದವರು. ವರ ಎಂದು ಪುರಾಣ ಕರೆದದ್ದು ಶಾಪವೆಂದು ಅವರ ಕಾದಂಬರಿ ಕಂಡಿತು. ಕೃತಿಯ ಕಾವು ಇಂದಿಗೂ ಆರಿಲ್ಲ. ಆದರೂ ಒಂದು ಮಾತು. ಅಲ್ಲಿ ವೈದ್ಯೆಗಿಂತ ವಾದಿಸುವ ಲೇಖಕಿಯೇ ಮುಂದೆ ನಿಂತಿದ್ದಾರೆಂದು ನಮಗೆ ತೋರುತ್ತದೆ. ನಾಲ್ಕು ಹೆರಿಗೆ ಕಂಡ ಮೈಯ ನೋವು, ದಣಿವು, ಅದರ ತೀರ ಸಣ್ಣ ಸಣ್ಣ ಸುದ್ದಿಗಳು ಅವರಿಗೆ ರೋಗಿಗಳಿಂದ ಚೆನ್ನಾಗಿ ಗೊತ್ತಿದ್ದವು. ಅವನ್ನು ಆರೋಗ್ಯದ ಪುಸ್ತಕಗಳಿಗೆ ಎತ್ತಿಟ್ಟು, ಕಾದಂಬರಿಗೆ ಅನ್ಯಾಯದ ವಾದವನ್ನು ಹೆಚ್ಚಾಗಿ ಕೊಟ್ಟರು. ಆ ಎರಡು ಬಗೆಯ ಪುಸ್ತಕಗಳು ಒಂದೇ ಮೇಜಿನ ಮೇಲೆ ಹುಟ್ಟಿಯೂ ಒಂದನ್ನೊಂದು ಮಾತನಾಡಿಸಲಿಲ್ಲ.

ಮಾಧವಿಯ ಕಥೆ ಹಳೆಯದಾಯಿತೆನ್ನುವವರು 2021ರ ಕಾಯಿದೆಯೊಂದನ್ನು ನೋಡಬೇಕು. ನೆರವಿನ ಗರ್ಭಧಾರಣೆಯನ್ನು ನಿಯಂತ್ರಿಸುವ ಈ ಕಾನೂನು ಚಿಕಿತ್ಸೆ ಪಡೆಯುವ ಹೆಂಗಸಿಗೆ 50, ಗಂಡಸಿಗೆ 55 ವರ್ಷದ ಮಿತಿ ಹಾಕಿದೆ. ಅಂಡ ದಾನ ಮಾಡುವವಳು 23ರಿಂದ 35ರೊಳಗಿರಬೇಕು. ಜೀವಮಾನದಲ್ಲಿ ಒಂದೇ ಸಲ. ಏಳಕ್ಕಿಂತ ಹೆಚ್ಚು ಅಂಡ ತೆಗೆಯಕೂಡದು. ನಲವತ್ತೈದರ ಹೆಂಗಸು ಇಪ್ಪತ್ತೈದರವಳ ಅಂಡದಿಂದ ಗರ್ಭ ಹೊರಬಲ್ಲಳು, ಆಗ ಸೋಲುಗಳ ಪ್ರಮಾಣ ದಾನಿಯ ವಯಸ್ಸನ್ನು ಅನುಸರಿಸುತ್ತದೆ; ವಯಸ್ಸು ಮುಖ್ಯವಾಗಿ ಅಂಡದ್ದು, ಗರ್ಭಕೋಶದ್ದಲ್ಲ ಎಂಬುದು ಹೀಗೆ ಖಚಿತವಾಯಿತು. ಪೂರು ಕೊಟ್ಟ ಯೌವನವನ್ನು ಈಗ ಹೆಣ್ಣುಮಕ್ಕಳೂ ಕೊಡಬಹುದು, ಪಡೆಯಬಹುದು. ಪಡೆದವರ ಮನೆಯಲ್ಲಿ ತೊಟ್ಟಿಲು ತೂಗಿದರೆ ಯಾರೂ ಕರುಬಬೇಕಾಗಿಲ್ಲ. ಆದರೆ ‘ಒಂದೇ ಸಲ’ ಎಂದು ಕಾನೂನು ಬರೆಯಬೇಕಾಗಿ ಬಂತಲ್ಲ, ಗಾಲವನ ಕುದುರೆಗಳನ್ನು ಕಂಡವರೇ ಅದನ್ನು ಬರೆದಿರಬೇಕು.

ಇಷ್ಟು ಹೊತ್ತು ಪುರಾಣ, ಪ್ರಯೋಗಶಾಲೆಗಳಲ್ಲಿ ಸುತ್ತಿದ್ದಾಯಿತು. ಈ ಹೊಸ ಮಾತನ್ನು ಒಂದು ಊರಿನಲ್ಲಿಟ್ಟು ನೋಡೋಣ. ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ ತೋವಿನಕೆರೆ ಎಂಬ ಊರಿದೆ. ಸಮೀಪದಲ್ಲೇ ಸಿದ್ಧರಬೆಟ್ಟ, ಸಿದ್ಧರು ತಪಸ್ಸು ಮಾಡಿದ ಜಾಗವೆಂದೂ ಅಲ್ಲಿನ ಗಿಡಮೂಲಿಕೆಗಳಿಗೆ ವಿಶೇಷ ಶಕ್ತಿಯೆಂದೂ ಪ್ರತೀತಿ. ಮುಪ್ಪನ್ನು ಗೆಲ್ಲುವ ಕಾಯಕಲ್ಪದ ಕನಸಿಗೆ ಇಂಥ ಬೆಟ್ಟಗಳೇ ತವರು. ಆ ಕನಸಿನಲ್ಲಿ ಸಿದ್ಧ ಗಂಡಸು. ಬೇರಿನಿಂದ ಅವನು ಬಯಸುವುದು ತನ್ನ ಆಯುಸ್ಸು. ಹೆಂಗಸು ಬೇರು ಕೇಳಿದರೆ ಅದು ಮಗುವಿಗೆ. ಬೆಟ್ಟದ ತಪ್ಪಲಿನಲ್ಲೂ ಯಯಾತಿ-ಮಾಧವಿಯರ ಪಾಲು ಹೀಗೆಯೇ ಹಂಚಿದೆ.

ಇಂಥ ಊರಿನ ಹೆಣ್ಣುಮಗಳೊಬ್ಬಳು ಬಾಣಲೆಯ ಮುಂದೆ ಕೂತು ಎಣ್ಣೆ ಕಾಯುವ ತನಕ ಪತ್ರಿಕೆ ಓದುತ್ತಾಳೆನ್ನಿ. ‘ನಿಮ್ಮ ಟೆಲೊಮಿಯರ್ ಮೋಟಾಗಿದೆ, ಅಂಡದ ದಾಸ್ತಾನು ಮುಗಿಯುತ್ತಿದೆ, ಜೈವಿಕ ಗಡಿಯಾರ ಓಡುತ್ತಿದೆ’ ಎಂಬ ಧಾಟಿಯ ಲೇಖನ. ದಾಸ್ತಾನು, ಗಡಿಯಾರ ಇವು ಉಗ್ರಾಣದ, ಕಾರ್ಖಾನೆಯ ಮಾತುಗಳು. ಮನೆಯಲ್ಲಿ ಅತ್ತೆ ‘ಬಂಜೆ’ ಎಂದದ್ದನ್ನೇ ಪತ್ರಿಕೆ ಅಂಕಿ ಹಚ್ಚಿ ಹೇಳಿತೆಂದು ಆಕೆಗೆ ಕೇಳಿಸಿದರೆ ತಪ್ಪೇನು? ಅದಕ್ಕೇ ಪದಗಳ ಬಗ್ಗೆ ನಾವು ಇಷ್ಟು ಜಿಪುಣರಾಗಿರುವುದು. ಋತುಬಂಧ, ರಜೋನಿವೃತ್ತಿ ಎಂದೆಲ್ಲ ಪಂಡಿತರು ಟಂಕಿಸಿದ್ದಾರೆ. ಒಂದರಲ್ಲಿ ಕಟ್ಟುಹಾಕಿದಂತಿದೆ, ಇನ್ನೊಂದರಲ್ಲಿ ಪೆನ್ಷನ್ನಿನ ವಾಸನೆ. ‘ಮುಟ್ಟು ನಿಂತಿತು’ ಎಂದು ಹಳ್ಳಿಯವರು ಹೇಳುವ ಮಾತಿನಲ್ಲಿ ದೂರಿಲ್ಲ, ಮರುಕವಿಲ್ಲ. ಮಳೆ ನಿಂತಿತು ಎಂದಂತೆ. ಅದರಲ್ಲಿ ಒಂದು ಬಿಡುಗಡೆಯೂ ಉಂಟು. ಶಿರಾ, ಮಧುಗಿರಿ, ಪಾವಗಡ ಕಡೆಯ ಎಷ್ಟೋ ಗೊಲ್ಲರಹಟ್ಟಿಗಳಲ್ಲಿ ತಿಂಗಳ ದಿನಗಳಲ್ಲೂ ಬಾಣಂತನದಲ್ಲೂ ಹೆಂಗಸರು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿರಬೇಕೆಂಬ ಕಟ್ಟಳೆ ನಡೆದುಬಂದಿದೆ. 2023ರಲ್ಲಿ ತುಮಕೂರು ಬಳಿಯ ಹಟ್ಟಿಯೊಂದರಲ್ಲಿ ಹಾಗೆ ಹೊರಗಿದ್ದ ಬಾಣಂತಿಯ ಹಸುಗೂಸು ಸತ್ತ ಸುದ್ದಿಯನ್ನು ಓದುಗರು ಮರೆತಿರಲಾರರು. ಅಂಥ ಕಡೆ ಮುಟ್ಟು ನಿಲ್ಲುವುದೆಂದರೆ ಮಳೆಚಳಿಯಿಂದ ಒಳಗೆ ಬರುವುದು.

ಇನ್ನು ಸವೆತದ ಮಾತು. 2004ರಲ್ಲಿ ಎಲಿಸ್ಸಾ ಎಪೆಲ್, ಬ್ಲ್ಯಾಕ್‌ಬರ್ನ್ ಮೊದಲಾದವರು 58 ಮಂದಿ ತಾಯಂದಿರ ರಕ್ತವನ್ನು ಪರೀಕ್ಷಿಸಿದರು; ಹೆಚ್ಚಿನವರು ದೀರ್ಘ ಕಾಯಿಲೆಯ ಮಕ್ಕಳನ್ನು ಸಾಕುತ್ತಿದ್ದವರು. ಅತಿ ಹೆಚ್ಚು ಬೇಗುದಿಯನ್ನು ಹೇಳಿಕೊಂಡವರ ತುದಿಗಳು ಕಡಮೆ ಬೇಗುದಿಯವರಿಗಿಂತ ಹತ್ತು ವರ್ಷ ಹೆಚ್ಚು ಮುಪ್ಪಾದಷ್ಟು ಮೋಟಾಗಿದ್ದವು. ಮಕ್ಕಳನ್ನು ಹೆತ್ತರೆ ತುದಿ ಸವೆಯುತ್ತದೆಯೆ ಎಂಬ ಪ್ರಶ್ನೆಗೆ ಬಂದ ಉತ್ತರಗಳಂತೂ ಇನ್ನೂ ಸ್ವಾರಸ್ಯದವು. ಅಮೆರಿಕದ ಹೆಂಗಸರಲ್ಲಿ ಹೆತ್ತವರ ತುದಿ ಹೆರದವರಿಗಿಂತ ಮೋಟು ಎಂದು 2018ರ ಅಧ್ಯಯನ ಹೇಳಿತು. ಗ್ವಾಟೆಮಾಲದ ಹಳ್ಳಿಗಳ ಮಾಯಾ ಹೆಂಗಸರಲ್ಲಿ ಹೆಚ್ಚು ಮಕ್ಕಳು ಬದುಕುಳಿದವರ ತುದಿ ಹೆಚ್ಚು ಉದ್ದ ಎಂದು 2016ರದು ಹೇಳಿತ್ತು. ಎರಡನೆಯದಕ್ಕೆ ಕೊಟ್ಟ ಊಹೆಗಳಲ್ಲಿ ಒಂದು, ಅಲ್ಲಿ ತಾಯಿಗೆ ಬಂಧುಗಳ ಕೈನೆರವು ಹೆಚ್ಚೆಂಬುದು. ಚೊಚ್ಚಲ ಹೆರಿಗೆಗೆ ತವರು, ಮೂರು ತಿಂಗಳ ಬಾಣಂತನ ಎಂದು ಕಟ್ಟಿಕೊಂಡ ನಮ್ಮ ಹಿರಿಯರಿಗೆ ಈ ಊಹೆ ಹೊಸದಾಗಿ ಕಾಣುತ್ತಿರಲಿಲ್ಲ. ಅಧ್ಯಯನಗಳು ಚಿಕ್ಕವು, ನಂಟು ಕಂಡಲ್ಲೆಲ್ಲ ಕಾರಣ ಸಿದ್ಧವಾಗುವುದಿಲ್ಲ, ಒಪ್ಪೋಣ. ಆದರೆ ತುದಿಯ ಸವೆತವನ್ನು ಅಂಡಾಶಯದಲ್ಲಿ ಮಾತ್ರ ಹುಡುಕಿದರೆ ಸಾಲದು, ಮನೆಯಲ್ಲೂ ಹೊಲದಲ್ಲೂ ಹುಡುಕಬೇಕೆಂಬಷ್ಟು ಅವು ಹೇಳುತ್ತವೆ. ಪಶ್ಚಿಮದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51ರ ಆಸುಪಾಸು. ನಮ್ಮ ದೇಶದಲ್ಲಿ 46-47. ನಲವತ್ತರ ಒಳಗೇ ನಿಂತವರು ನಮ್ಮಲ್ಲಿ ಹಳ್ಳಿಯವರಲ್ಲಿ, ಓದುಬರಹ ಸಿಗದವರಲ್ಲಿ, ಹೊಲದ ಕೂಲಿಯವರಲ್ಲಿ ಹೆಚ್ಚು. ಬೇಸಗೆಯ ಬಿಸಿಲಲ್ಲಿ ದಿನವಿಡೀ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ತುಮಕೂರು ಸೀಮೆಯ ಹೆಂಗಸಿನ ಸೊಂಟವನ್ನು ಕೇಳಿದರೆ ಇದಕ್ಕೆ ಸೂಕ್ಷ್ಮದರ್ಶಕ ಬೇಕೆನ್ನಿಸುವುದಿಲ್ಲ.

ಪಕ್ಕದ ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ ಸೂಲಗಿತ್ತಿ ನರಸಮ್ಮನವರಿದ್ದರು. ಹನ್ನೆರಡನೆಯ ವಯಸ್ಸಿಗೆ ಮದುವೆ, ಹನ್ನೆರಡು ಹೆರಿಗೆ. ಅಜ್ಜಿಯಿಂದ ಕಲಿತ ವಿದ್ಯೆಯಿಂದ, ಕಾಸು ಪಡೆಯದೆ, 15,000ಕ್ಕೂ ಹೆಚ್ಚು ಮಕ್ಕಳನ್ನು ಭೂಮಿಗೆ ಇಳಿಸಿದರು. 2018ರಲ್ಲಿ ಪದ್ಮಶ್ರೀ ಬಂತು; ಅದೇ ವರ್ಷದ ಡಿಸೆಂಬರ್ 25ರಂದು, 98ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ತುದಿಗಳನ್ನು ಯಾರೂ ಅಳೆಯಲಿಲ್ಲ. ಅಳೆದಿದ್ದರೆ ಏನು ತಿಳಿಯುತ್ತಿತ್ತೆಂಬುದೂ ಸಂದೇಹವೇ. ತಮ್ಮ ಹೆರುವ ಕಾಲ ಮುಗಿದ ಮೇಲೂ ದಶಕಗಳ ಕಾಲ ಆ ಕೈ ಪರರ ಹೆರಿಗೆಯ ಕೋಣೆಯಲ್ಲಿತ್ತು. ಹೆರುವುದು ಮುಗಿದ ಮೇಲಿನ ಹೆಣ್ಣಿನ ಅರ್ಧ ಆಯುಸ್ಸನ್ನು ನಮ್ಮ ಕಾದಂಬರಿಗಳು ‘ಅಜ್ಜಿ ಕಥೆ ಹೇಳುತ್ತಿದ್ದಳು’ ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಅಜ್ಜಿ ಹೇಳಿದ ಕಥೆ ಮುನ್ನೂರು ಪುಟ. ಅಜ್ಜಿಯ ಕಥೆ ಒಂದೂವರೆ ಪುಟ.

ವ್ಯಾಸರು ಈ ವಿಷಯದಲ್ಲಿ ಕೊಂಚ ಉದಾರಿ. ನಾಲ್ಕು ಮಕ್ಕಳನ್ನು ಹೆತ್ತುಕೊಟ್ಟು ಮರಳಿದ ಮಾಧವಿಗೆ ತಂದೆ ಸ್ವಯಂವರ ಹೂಡುತ್ತಾನೆ. ಆಕೆ ನೆರೆದ ರಾಜರನ್ನೆಲ್ಲ ಬಿಟ್ಟು ಕಾಡನ್ನು ವರಿಸುತ್ತಾಳೆ, ಜಿಂಕೆಯ ಹಾಗೆ ಹುಲ್ಲು ಮೇಯುತ್ತ ತಪಸ್ಸು ಮಾಡುತ್ತಾಳೆ. ಎಷ್ಟೋ ಕಾಲದ ಮೇಲೆ ಯಯಾತಿ ಗರ್ವದಿಂದ ಸ್ವರ್ಗಭ್ರಷ್ಟನಾಗಿ ಬಂದು ಬೀಳುವುದು ತನ್ನ ಆ ನಾಲ್ವರು ಮೊಮ್ಮಕ್ಕಳು ಯಾಗ ಮಾಡುತ್ತಿದ್ದ ಜಾಗದಲ್ಲಿ. ಅಲ್ಲಿಗೆ ಮಾಧವಿಯೂ ಬರುತ್ತಾಳೆ. ತನ್ನ ಪುಣ್ಯದಲ್ಲಿ ಅರ್ಧವನ್ನು ತೆಗೆದುಕೋ ಎಂದು ತಂದೆಗೆ ಹೇಳುತ್ತಾಳೆ. ಮಕ್ಕಳು ಆಗಲೇ ರಾಜ್ಯವಾಳುವ ಅರಸರು. ಅಂದರೆ ಆಕೆ ತುಂಬ ವಯಸ್ಸಾದವಳೇ ಇರಬೇಕು. ವರ ಇನ್ನೂ ಇತ್ತೋ ತೀರಿತ್ತೋ, ಅಲ್ಲಿ ಯಾರೂ ಕೇಳುವುದಿಲ್ಲ.